ಹಿಂಬದಿಯ ಅಂಗಡಿಗೊಂದು ಬೋರ್ಡು

ನಗರಸಭೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿ, ಸೊಸೆ ಅನುಮತಿ ಪತ್ರ ಹಿಡಿದು ಹೊರಬಂದ ಕೂಡಲೇ ಎದ್ದು ನಿಂತರು.

“ಕೊಟ್ರಾ? ರಸ್ತೆ ಕಡೆ ಅಂಗಡಿಗಳಿಗೆ ಮಾತ್ರ ಬೋರ್ಡು ಅಂತಿದ್ರಲ್ಲೇ!”

“ನಮಗೊಬ್ರಿಗೆ ನಿಯಮ ಸಡಿಲಿಸಿದ್ರು, ಅತ್ತೆ.”

“ಅಂಥದ್ದೇನಂದೆ?”

“ಹಿಂದಿರೋ ನಮ್ಮ ಹೊಲಿಗೆ ಅಂಗಡಿ ಕಾಣದೆ, ಜನ ಮುಂದಿರೋ ಹಲ್ಲಿನ ಡಾಕ್ಟ್ರಿಗೆ ಬಟ್ಟೆ ಅಳತೆ ಕೊಡೋಕೆ ಹೋಗ್ತಾರೆ ಅಂದೆ. ಎಲ್ಲರೂ ನಕ್ಕುಬಿಟ್ರು. ಅಂಗಡಿ ಮೇಲೆ ಮನೆಗಳಿರೋದ್ರಿಂದ ಬೋರ್ಡಿಗೆ ಲೈಟ್ ಮಾತ್ರ ಹಾಕೋ ಹಾಗಿಲ್ಲ.”

“ಬೇಡ ಬಿಡು. ಮೂವತ್ತು ವರ್ಷ ನಾನು ಬೋರ್ಡೇ ಇಲ್ದೆ ಹೊಲಿದೆ.”

“ಅದಕ್ಕೇ ನಿಮ್ಮ ಹೆಸರು ಬರೆಸೋಣ.”

“ಹುಚ್ಚಿ! ಗೆದ್ದೋಳು ನೀನು. ನಿಂದು ದೊಡ್ಡದಾಗಿ ಬರೆಸು. ನಂದು ಪಕ್ಕದಲ್ಲಿದ್ರೆ ಸಾಕು.”

ಇಬ್ಬರೂ ಹೊರಟರು. ಬಾಗಿಲ ಕಾವಲುಗಾರ ಏನೂ ಕೇಳದಿದ್ದರೂ ಅಜ್ಜಿ ನಿಂತು ಹೇಳಿದರು: “ಇವಳು ನನ್ನ ಸೊಸೆ.”