ಸಪ್ಪಲಮ್ಮನ ಸಾಕ್ಷಿ

ಆ ವರ್ಷ ಕತ್ರಿಗುಪ್ಪೆಯ ನಮ್ಮ ಬೀದಿಯಲ್ಲಿ ಎಲ್ಲರ ಬಾಗಿಲ ಮೇಲೂ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದಿತ್ತು. ಒಂದು ಹೆಣ್ಣುದೆವ್ವ ಬಂದು ಮನೆಯವರ ದನಿಯಲ್ಲೇ ಕೂಗುತ್ತದಂತೆ, ಓಗೊಟ್ಟವರು ಉಳಿಯುವುದಿಲ್ಲವಂತೆ, ಬಾಗಿಲ ಮೇಲಿನ ಬರಹ ಓದಿದರೆ ಮಾತ್ರ ವಾಪಸು ಹೋಗುತ್ತದಂತೆ. ಬರೆಯದೆ ಉಳಿದದ್ದು ನಮ್ಮ ಮನೆ ಮಾಲೀಕರಾದ ಏಕಾಂತಯ್ಯನವರ ಬಾಗಿಲೊಂದೇ. ಅವರು ಕೋರ್ಟಿನಲ್ಲಿ ಅಟೆಂಡರಾಗಿದ್ದು ರಿಟೈರಾದವರು. ನಾನು ಅವರ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದು ಟೆಲಿಫೋನ್ ಎಕ್ಸ್‌ಚೇಂಜಿಗೆ ಕೆಲಸಕ್ಕೆ ಹೋಗುತ್ತಿದ್ದೆ.

ಅವತ್ತು ಸಂಜೆ ಏಳಕ್ಕೇ ಕರೆಂಟು ಹೋಗಿ, ಮಳೆ ಜೋರಾಗಿ, ಪಕ್ಕದ ಮನೆ ಲಕ್ಷ್ಮಮ್ಮನೂ ಅವರ ಇಬ್ಬರು ಹೆಣ್ಣುಮಕ್ಕಳೂ ನಾನೂ ಏಕಾಂತಯ್ಯನವರ ವರಾಂಡದಲ್ಲಿ ಸೇರಿದ್ದೆವು. ಗೋಡೆಗೊರಗಿ ಒಂದು ಉದ್ದನೆಯ ಮರದ ಬೆಂಚು ಖಾಲಿಯೇ ಇತ್ತು, ನಾವೆಲ್ಲ ಕೆಳಗೆ ಚಾಪೆಯ ಮೇಲಿದ್ದೆವು. ಆ ಮನೆಯಲ್ಲಿ ಆ ಬೆಂಚಿನ ಮೇಲೆ ಯಾರೂ ಕೂರುತ್ತಿರಲಿಲ್ಲ, ಅವರ ಹೆಂಡತಿ ಶಿವಬಸಮ್ಮ ಮಾತ್ರ ಅದನ್ನು ದಿನಾ ಒರೆಸಿಡುತ್ತಿದ್ದರು. ಲಕ್ಷ್ಮಮ್ಮನ ದೊಡ್ಡ ಮಗಳು ಸೀಮೆಸುಣ್ಣ ಹಿಡಿದು ಬಾಗಿಲ ಹತ್ತಿರ ಹೋದದ್ದೇ ತಡ, ಮುದುಕರು ಗುಡುಗಿದರು.

"ಏಯ್, ಕೈ ತೆಗಿ ಅಲ್ಲಿಂದ! ನನ್ನ ಬಾಗಿಲ ಮೇಲೆ ಆ ಮಾತು ಬರೀಕೂಡದು... ಯಾಕೆ ಅಂತ ಕೇಳ್ತೀಯಾ? ಕೇಳೋಳೇ ನೀನು, ನಿಮ್ಮಮ್ಮನ ಹಂಗೇ. ಬಾ, ಕೂತ್ಕೋ. ಬೆಂಚಿನ ಮೇಲಲ್ಲ ಕಣೇ, ಚಾಪೆ ಮೇಲೆ! ಹೇಳ್ತೀನಿ, ಮಧ್ಯೆ ಬಾಯಿ ಹಾಕಬಾರದು.

"ಎಪ್ಪತ್ನಾಲ್ಕನೇ ಇಸವಿ. ಕತ್ರಿಗುಪ್ಪೆ ಇನ್ನೂ ಹಳ್ಳಿ ಆಗ. ಆ ಕಡೆ ರಾಗಿ ಹೊಲ, ಈ ಕಡೆ ರಾಗಿ ಹೊಲ, ಊರಾಚೆ ಕೇರಿ. ಆ ಕೇರಿಯಲ್ಲಿ ಬೈಲಪ್ಪ ಅಂತ ಒಬ್ಬ, ಬಾವಿ ತೋಡೋನು, ಕೇರಿಯಲ್ಲಿ ಯಾರಾದ್ರೂ ಸತ್ರೆ ಗುಂಡಿ ತೋಡೋನೂ ಅವನೇ. ಜಯನಗರದಲ್ಲಿ ಕಮಲಾದೇವಿ ಅನ್ನೋ ಹೆಣ್ಣುಮಗಳ ಹೊಸಮನೆ ಹಿತ್ತಲಲ್ಲಿ ಅವನಿಗೆ ಬಾವಿ ಕೆಲಸ. ಪಾಪ, ಒಳ್ಳೇ ಹೆಂಗಸಂತೆ ಆಯಮ್ಮ. ಒಂದಿನ ಮಧ್ಯಾಹ್ನ ಮೂರು ಗಂಟೆಗೆ ಯಾರೋ ತಲೆಗೆ ಹೊಡೆದು ಸಾಯಿಸಿಬಿಟ್ರು, ಪಕ್ಕದ ಮನೆಯೋರು ಕಿರುಚಿದ್ದು ಕೇಳಿಸ್ಕೊಂಡು ಗಡಿಯಾರ ನೋಡಿದ್ರು. ಹೊಡೆದಿದ್ದು ಯಾತರಲ್ಲಿ? ಬೈಲಪ್ಪನ ಹಾರೇಲಿ. ಕೆಲಸ ಮುಗಿದಿರಲಿಲ್ಲ, ಹಾರೆ ಅಲ್ಲೇ ಬಿಟ್ಟು ಹೋಗಿದ್ದ... ಅವನು ಮಾಡಿದ ತಪ್ಪು ಅಷ್ಟೇ ಕಣ್ರಮ್ಮ.

"ಮನೆಯೋರು ಪೊಲೀಸರಿಗೆ ಏನಂದ್ರು ಗೊತ್ತಾ? 'ನಮ್ಮೋರು ಇಂಥಾ ಕೆಲಸ ಮಾಡ್ತಾರಾ ಸಾರ್, ಮನೆ ಹತ್ತಿರ ಸೇರಿಸಬಾರದೋರನ್ನ ಸೇರಿಸಿದ್ವಿ.' ಆಯ್ತಲ್ಲ! ಪೊಲೀಸರು ಇನ್ನೊಬ್ಬನ್ನ ಹುಡುಕಲಿಲ್ಲ. ಕೋರ್ಟಿಗೆ ಬರೋ ಹೊತ್ತಿಗೆ ಅವನ ಕೈಬೆರಳು ಮಡಚೋಕಾಗ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿಸೋಕೆ ನಾನೇ ಹಿಡ್ಕೊಂಡಿದ್ದೆ. ನಾವೇನು ಕಮ್ಮಿನಾ? ನಾನು, ಗುಮಾಸ್ತರು, ಲಾಯರುಗಳು, ಕ್ಯಾಂಟೀನಲ್ಲಿ ಕಾಫಿ ಕುಡೀತಾ, 'ಕೇರಿಯೋನಲ್ವಾ, ಮಾಡೇ ಇರ್ತಾನೆ' ಅಂತ ಆಗ್ಲೇ ತೀರ್ಪು ಬರೆದುಬಿಟ್ಟಿದ್ವಿ. ಜಡ್ಜು ಬರೆದಿದ್ದು ಆಮೇಲೆ.

"ಈಗ ಕೇಳಿ. ಆ ಮಧ್ಯಾಹ್ನ ಬೈಲಪ್ಪ ಎಲ್ಲಿದ್ದ? ಮಸಣದಲ್ಲಿದ್ದ. ಕೇರಿಯ ಪಿಳ್ಳಣ್ಣ ಅನ್ನೋ ಮುದುಕ ಅವತ್ತು ಬೆಳಿಗ್ಗೆ ತೀರ್ಕೊಂಡಿದ್ದ. ಬೈಲಪ್ಪ ಗುಂಡಿ ತೋಡಿ ಮುಗಿಸಿದ, ಆದ್ರೆ ಪಿಳ್ಳಣ್ಣನ ಮಗಳು ಕನಕಪುರದ ಕಡೆಯಿಂದ ಬರಬೇಕು, ಬಸ್ಸಿಲ್ಲ, ಹೆಣ ಎತ್ತೋ ಹಂಗಿಲ್ಲ. ಅವರಲ್ಲಿ ಒಂದು ಕಟ್ಟು: ತೋಡಿದ ಗುಂಡೀನ ಒಂಟಿ ಬಿಡಬಾರದು. ಬಿಟ್ರೆ ಅದು ಇನ್ನೊಬ್ಬರನ್ನ ಕೇಳುತ್ತಂತೆ. ಅದಕ್ಕೇ ತೋಡಿದೋನು ಅಲ್ಲೇ ಕೂತಿರಬೇಕು, ಸತ್ತೋರ ಕಡೆಯೋರು ಒಬ್ಬರು ಎದುರಿಗೆ ಕೂತಿರಬೇಕು. ಹನ್ನೆರಡು ಗಂಟೆಯಿಂದ ದೀಪ ಹಚ್ಚೋ ಹೊತ್ತಿನವರೆಗೆ ಈ ಕಡೆ ಬೈಲಪ್ಪ, ಆ ಕಡೆ ಪಿಳ್ಳಣ್ಣನ ತಂಗಿ ಸಪ್ಪಲಮ್ಮ. ಇಬ್ಬರೇ. ಅವಳು ಒಂದು ಹಿಡಿ ಹುರಿಗಡಲೆ ಕೊಟ್ಟಿದ್ಲಂತೆ, ಅವನು ಅದನ್ನ ಸಂಜೆವರೆಗೂ ಒಂದೊಂದೇ ತಿಂದನಂತೆ. ಅವನು ಅಲ್ಲಿಂದ ಏಳಲಿಲ್ಲ ಅಂತ ಹೇಳಬಲ್ಲೋಳು ಭೂಮಿ ಮೇಲೆ ಅವಳೊಬ್ಬಳೇ!

"ಸಪ್ಪಲಮ್ಮನಿಗೆ ಆಗ್ಲೇ ಅರವತ್ತೈದಾಗಿತ್ತು, ಕಿವಿ ಸ್ವಲ್ಪ ಮಂದ. ಸಾಕ್ಷಿ ಹೇಳೋಕೆ ಕತ್ರಿಗುಪ್ಪೆಯಿಂದ ಕೋರ್ಟಿನವರೆಗೂ ನಡ್ಕೊಂಡೇ ಬಂದ್ಲು. ಬಂದು ಕಾರಿಡಾರಲ್ಲಿ ಇದೇ ಬೆಂಚಿನ ತುದೀಲಿ ಕೂತ್ಲು ನೋಡಿ... ಹೂಂ, ಇದೇ ಬೆಂಚು. ಪಕ್ಕದಲ್ಲಿ ಯಾರೋ ದೊಡ್ಡ ಮನುಷ್ಯರು ಮುಖ ಸಿಂಡರಿಸಿಕೊಂಡು ಎದ್ರು. ಅವರು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅಂದೋನು ನಾನು! 'ಏ ಮುದುಕಿ, ಎದ್ದೇಳು, ಆ ಸೈಕಲ್ ಸ್ಟ್ಯಾಂಡ್ ಹತ್ರ ಹುಣಸೇಮರದ ಕೆಳಗೆ ಕೂತ್ಕೋ ಹೋಗು, ನಿನ್ನ ಸರದಿ ಬಂದಾಗ ಕರೀತೀನಿ.' ಅವಳು ಕೈ ಮುಗಿದು, 'ಆಗ್ಲಿ ಸಾಮಿ, ಕೂಗಿ, ಬತ್ತೀನಿ' ಅಂತ ಎದ್ದುಹೋದ್ಲು.

"ಕೋರ್ಟಲ್ಲಿ ನನ್ನ ಕೆಲಸವೇ ಕೂಗೋದು. ಬಾಗಿಲಾಚೆ ಬಂದು ಹೆಸರನ್ನ ಮೂರು ಸಲ ಕೂಗಬೇಕು. ಮೂರಕ್ಕೂ ಬರದಿದ್ರೆ ಸಾಕ್ಷಿ ಇಲ್ಲ ಅಂತ ಲೆಕ್ಕ. ಹನ್ನೊಂದೂವರೆಗೆ ಅವಳ ಹೆಸರು ಬಂತು. ಆಚೆ ಬಂದೆ... ಮಳೆ. ಇವತ್ತಿನಂಥದ್ದೇ ಮಳೆ, ಸೈಕಲ್ ಸ್ಟ್ಯಾಂಡಿನ ತಗಡಿನ ಮೇಲೆ ಧೋ ಅಂತ. ಹುಣಸೇಮರ ನೂರು ಹೆಜ್ಜೆ ದೂರ. ಅವಳು ಕಾಣ್ತಿದ್ಲು ಕಣ್ರೀ! ಗೋಣಿಚೀಲ ತಲೆ ಮೇಲೆ ಹಾಕ್ಕೊಂಡು ನನ್ನ ಕಡೆಗೇ ನೋಡ್ತಾ ಕೂತಿದ್ಲು. ನನ್ನ ಮೈಮೇಲೆ ಇಸ್ತ್ರಿ ಮಾಡಿದ ಬಿಳೀ ಡ್ರೆಸ್ಸು. ಮೆಟ್ಟಿಲ ಮೇಲೇ ನಿಂತು ಕೂಗಿದೆ. ಸಪ್ಪಲಮ್ಮಾ... ಸಪ್ಪಲಮ್ಮಾ... ಸಪ್ಪಲಮ್ಮಾ... ಆ ಸದ್ದಲ್ಲಿ ಅವಳಿಗೆಲ್ಲಿ ಕೇಳಿಸ್ಬೇಕು? ಒಂದು ಕೈ ಬೀಸಬಹುದಿತ್ತು. ಬೀಸಲಿಲ್ಲ. ಒಳಗೆ ಹೋಗಿ, 'ಮೂರು ಸಲ ಕೂಗಿದೆ ಸ್ವಾಮಿ, ಬರಲಿಲ್ಲ' ಅಂದೆ.

"ಸುಳ್ಳಾ ಹೇಳಿದ್ದು? ಅಲ್ಲ. ಅದೇ ನೋಡಿ, ಒಂದು ಮಾತೂ ಸುಳ್ಳಲ್ಲ! ಜಡ್ಜು, 'ಇವರಿಗೆಲ್ಲ ಕೋರ್ಟು ಅಂದ್ರೆ ಸಂತೆ' ಅಂತ ಗೊಣಗಿ, ಸಾಕ್ಷಿ ಬರಲಿಲ್ಲ ಅಂತ ಬರೆದುಕೊಂಡ್ರು. ಬೈಲಪ್ಪನ ಪರವಾಗಿ ಸರ್ಕಾರ ಕೊಟ್ಟ ಲಾಯರು ಊಟದ ಟೈಮು ಯಾವಾಗ ಅಂತ ಗಡಿಯಾರ ನೋಡ್ತಾ ಕೂತಿದ್ದ. ಕಟಕಟೇಲಿ ನಿಂತಿದ್ದ ಬೈಲಪ್ಪ ಮಾತ್ರ ನನ್ನನ್ನೇ ನೋಡ್ತಿದ್ದ, 'ಸಾಮಿ, ಆಯಮ್ಮ ಬಂದೈತೆ, ನಾನು ವ್ಯಾನಿಂದ ಇಳೀವಾಗ ಕಂಡೆ, ಇನ್ನೊಂದು ಕಿತ ಕೂಗಿ' ಅಂದ. 'ಸೈಲೆನ್ಸ್' ಅಂದೋನೂ ನಾನೇ. ಜೀವಾವಧಿ ಆಯ್ತು.

"ಸಂಜೆ ಮನೆಗೆ ಹೊರಟ್ರೆ ಅವಳು ಮರದ ಕೆಳಗೇ ಇದ್ದಾಳೆ. 'ಸಾಮಿ, ನನ್ನ ಯಾವಾಗ ಕರೀತೀರ?' ಏನಂತ ಹೇಳಲಿ? ನಿಜ ಹೇಳಿದ್ರೆ ಅವಳು ಬಾಯಿ ಬಡ್ಕೋತಾಳೆ, ಲಾಯರು ಕೇಳ್ತಾನೆ, ನನ್ನ ನೌಕರಿ... ನಾಲಿಗೆಗೆ ಬಂದಿದ್ದು ಒಂದೇ ಮಾತು. 'ನಾಳೆ.' ಮಾರನೇ ದಿನ ಬಂದ್ಲು. 'ನಾಳೆ.' ಅದರ ಮಾರನೇ ದಿನವೂ ಬಂದ್ಲು. ಕೇರಿಯೋರು ಎಲ್ಲಾ ಮುಗೀತು ಅಂದ್ರೂ ನಂಬಲಿಲ್ಲ ಅವಳು, ಕೋರ್ಟಿನೋರು ನಾಳೆ ಅಂದವ್ರೆ ಅಂತಿದ್ಲಂತೆ. ನನ್ನ ಬಿಳೀ ಡ್ರೆಸ್ಸಿನ ಮೇಲೆ ಅಷ್ಟು ನಂಬಿಕೆ ನೋಡಿ ಅವಳಿಗೆ! ಮೂರು ತಿಂಗಳು ಬಂದ್ಲು. ಮೂರು ತಿಂಗಳೂ ನಾನು ನಾಳೆ ಅಂದೆ. ಹಿಂಗೇ ಒಂದು ಮಳೆ ದಿನ ಆ ಮರಕ್ಕೆ ಒರಗಿದೋಳು ಏಳಲೇ ಇಲ್ಲ.

"ಬೈಲಪ್ಪ ಜೈಲಲ್ಲಿ ರಕ್ತ ಕಾರ್ಕೊಂಡು ಹೋದ, ವರ್ಷ ತುಂಬಿರಲಿಲ್ಲ. ಅವನು ಹೋದ ಮೇಲೆ ಕಮಲಾದೇವಿಯ ಮೈದುನನೇ ಕುಡಿದ ಮತ್ತಲ್ಲಿ ಅತ್ತಿಗೇನ ಕೊಂದಿದ್ದು ತಾನೇ ಅಂತ ನಾಲ್ಕು ಜನದ ಮುಂದೆ ಬಾಯಿಬಿಟ್ಟ. ಜಯನಗರಕ್ಕೆಲ್ಲಾ ಗೊತ್ತು. ಏನಾಯ್ತು? ಏನೂ ಆಗಲಿಲ್ಲ. ಫೈಲು ಮೇಲಿನ ಅಟ್ಟ ಸೇರಿತ್ತು.

"ಆಮೇಲೆ ಕೋರ್ಟಲ್ಲಿ ಹಳೇ ಸಾಮಾನು ಹರಾಜು ಹಾಕಿದಾಗ ಈ ಬೆಂಚನ್ನ ನಾನೇ ತಂದೆ. ಯಾಕೆ ತಂದೆ ಅಂತ ಶಿವಬಸಮ್ಮ ಬೈದ್ಲು. ಆ ವರ್ಷ ಮೊದಲನೇ ಮಳೆ ಬಂದ ಸಂಜೆ ಒಳಗೆ ಕೂತಿದ್ದೆ, ಬಾಗಿಲ ಹತ್ರ ಕೆಮ್ಮಿದ ಸದ್ದು. 'ಸಾಮಿ... ಕೂಗಿದ್ರಾ?' ಆಚೆ ಬಂದು ನೋಡ್ತೀನಿ, ಬೆಂಚಿನ ಪಕ್ಕ ಗೋಣಿಚೀಲ ಹೊದ್ಕೊಂಡು ನಿಂತಿದ್ದಾಳೆ, ಸೀರೆಯಿಂದ ನೀರು ತೊಟ್ಟಿಕ್ತಾ ಇದೆ, ಬೆಂಚಿನ ಮೇಲೆ ಮಾತ್ರ ಕೂತಿಲ್ಲ. ಕೂತ್ಕೋ ತಾಯಿ ಅಂದೆ. ಎಷ್ಟು ಹೇಳಿದ ಮೇಲೆ ತುದೀಲಿ ಕೂತ್ಲು ಗೊತ್ತಾ? ಕೂತು ಸಾಕ್ಷಿ ಹೇಳಿದ್ಲು. ಅಣ್ಣ ಸತ್ತಿದ್ದು, ಗುಂಡಿ ತೋಡಿದ್ದು, ಬಸ್ಸು ಬರದಿದ್ದು, ಹುರಿಗಡಲೆ, ಬೈಲಪ್ಪ ಒಂದು ಸಲಾನೂ ಏಳದೇ ಇದ್ದಿದ್ದು... ಒಂದಕ್ಷರ ತಪ್ಪಿಲ್ಲ. ಎಲ್ಲಾ ಹೇಳಿ ಕೈ ಮುಗಿದು ಕೇಳಿದ್ಲು, 'ಈಗ ಬುಡ್ತಾರಾ ಸಾಮಿ, ನಮ್ಮ ಬೈಲಪ್ಪನ್ನ?'

"ಹದಿನಾಲ್ಕು ವರ್ಷ ಆಯ್ತು. ಮಳೆ ಬಂದ ಸಂಜೆ ಬರ್ತಾಳೆ, ಪೂರ್ತಿ ಹೇಳ್ತಾಳೆ, ಅದನ್ನೇ ಕೇಳ್ತಾಳೆ. ನಾನೇನು ಮಾಡ್ಲಿ ಹೇಳಿ? ಜಡ್ಜ್ ಸತ್ತುಹೋದ್ರು, ಬೈಲಪ್ಪ ಸತ್ತ, ಕೊಂದೋನೂ ಸತ್ತ. ಬರ್ಕೊಳ್ಳೋಕೆ ನಾನ್ಯಾರು? ಬರೀ ಕೂಗೋನು. ಅವನು ಸತ್ತ ಕಣಮ್ಮಾ ಅಂತ ಹೇಳೋಕೆ ಬಾಯಿ ತೆಗೀತೀನಿ... ಆ ಮುಖ ನೋಡಿದ್ರೆ, ಇವತ್ತಿಗೂ ನನ್ನ ಬಾಯಲ್ಲಿ ಬರೋದು ಅದೊಂದೇ ಮಾತು."

ಮುದುಕರು ಪಂಚೆಯಂಚಿನಿಂದ ಕಣ್ಣೊರೆಸಿಕೊಂಡರು. ಶಿವಬಸಮ್ಮ ಒಳಗಿನಿಂದ ಒಂದು ಒಣಬಟ್ಟೆ ತಂದು ಬೆಂಚಿನ ತುದಿಯಲ್ಲಿ ಮಡಚಿಟ್ಟು, ನಮ್ಮ ಯಾರ ಮುಖವನ್ನೂ ನೋಡದೆ ಒಳಗೆ ಹೋದರು. ಲಕ್ಷ್ಮಮ್ಮ ಸಣ್ಣ ಮಗಳನ್ನು ಹತ್ತಿರ ಎಳೆದುಕೊಂಡರು.

"ನಿಮಗೆ ಯಾರು ಹೇಳಿದ್ರೋ ಏನೋ, ಆ ಎರಡು ಮಾತು ಬರೆದ್ರೆ ವಾಪಸ್ ಹೋಗ್ತಾಳೆ ಅಂತ," ಏಕಾಂತಯ್ಯನವರು ಮೆಲ್ಲಗೆ ಅಂದರು. "ಅಳಿಸಿಬಿಡ್ರಮ್ಮ, ನಾಳೆ ಬೆಳಿಗ್ಗೆ ಎದ್ದು ಮೊದಲು ಅದನ್ನ ಅಳಿಸಿ. ನಾಳೆ ಅಂದ್ರೆ ಅವಳು ನಂಬ್ತಾಳೆ. ನಂಬಿಯೇ ಅಲ್ವಾ ಇಷ್ಟು ವರ್ಷ ಬಂದಿರೋದು?... ಸ್ವಲ್ಪ ಸರ್ಕೊಳ್ಳಿ, ಆ ಬೆಂಚಿನ ಮುಂದೆ ದಾರಿ ಬಿಡಿ. ಚಾಪೆ ಒದ್ದೆಯಾಗ್ತಿದೆ ನೋಡಿ."