ಮೊಳೆ ಹೊಡೆದ ಕಿಟಕಿ

ಕಳ್ಳರ ಭಯಕ್ಕೆ ಸರ್ಕಾರಿ ಶಾಲೆಯ ಒಂದನೇ ತರಗತಿಯ ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ಕೊರೊನಾ ಸೋಂಕು ಇನ್ನೂ ಇಳಿಯದಿರುವಾಗಲೇ ಅದೇ ಕೋಣೆಯನ್ನು ಸೋಮವಾರದಿಂದ ತೆರೆಯಲು ಶಿಕ್ಷಕರ ಸಂಘ ಶಿಕ್ಷಣ ಇಲಾಖೆಯವರೆದುರು ಒಪ್ಪಿಕೊಂಡು ಬಂದಿತ್ತು.

ಲಸಿಕೆಯ ಸಾಲಿನಲ್ಲಿ ಸಂಘದ ಕಾರ್ಯದರ್ಶಿಯೂ ಆ ತರಗತಿಯ ಟೀಚರಮ್ಮನೂ ಮಾತಿಗಿಳಿದಿದ್ದರು. ಹಿಂದೆ ನಿಂತ ಬಟ್ಟೆ ಹೊಲಿಯುವವಳು ಮೈಯೆಲ್ಲಾ ಕಿವಿಯಾದಳು. ಅವಳ ಮಗಳು ಕೂರುವುದು ಆ ಕೋಣೆಯಲ್ಲೇ.

“ಗಾಳಿ ಚೆನ್ನಾಗಿ ಆಡುತ್ತೆ ಅಂತ ನಾನೇ ನೋಡಿ ಹೇಳಿದೀನಲ್ಲ ಮೇಡಂ.”

“ರಸ್ತೇಲಿ ನಿಂತು ನೋಡಿದ್ರಿ ಸಾರ್. ಕಿಟಕಿಯ ಹೊರಗಿನ ಕದ ತೆರೆದಿದೆ, ಮೊಳೆ ಇರೋದು ಒಳಗಿನ ಗಾಜಿನ ಕದಕ್ಕೆ.”

“ಮುಚ್ಚಿದ ಕೋಣೆಯೊಳಗೆ ಹೋಗೋಕೆ ನಂಗೂ ಭಯ ಆಗಲ್ವೇ?”

“ಮಕ್ಕಳು ಅಲ್ಲಿ ದಿನವಿಡೀ ಕೂರಬೇಕಲ್ಲ.”

“ಮೊಳೆ ಕೀಳೋಕೂ ಅನುಮತಿ ಬರಬೇಕಮ್ಮಾ. ಅಲ್ಲೀವರೆಗೆ ಹೇಗೋ ಸುಧಾರಿಸಿ. ಮಾತು ಕೊಟ್ಟುಬಿಟ್ಟಿದೀನಿ, ಮೇಲಿನವರಿಗೆ ಯಾವ ಮುಖ ತೋರಿಸಲಿ?”

“ಮಾಸ್ಕ್ ಇದೆಯಲ್ಲ ಸಾರ್.”

ಹೊಲಿಯುವವಳ ನಗು ಅವಳ ಮಾಸ್ಕಿನೊಳಗೇ ಉಳಿಯಿತು.

“ತಮಾಷೆ ಬೇಡ. ಸೋಮವಾರ ಕೋಣೆ ತೆಗೀರಿ. ಇದು ಸಂಘದ ತೀರ್ಮಾನ.”

“ಸೋಮವಾರ ಬರ್ತೀನಿ. ಮೈದಾನದ ಮರದ ಕೆಳಗೆ ಕೂರಿಸಿ ಪಾಠ ಮಾಡ್ತೀನಿ. ಬೀಗದ ಕೈ ನನ್ನ ಹತ್ರಾನೇ ಇದೆ. ಆ ಕೋಣೆ ಮಾತ್ರ ತೆಗೆಯಲ್ಲ.”

ನರ್ಸ್ ಕರೆದಳು. ಟೀಚರಮ್ಮ ರವಿಕೆಯ ತೋಳನ್ನು ಮೇಲಕ್ಕೆ ಮಡಚಿಕೊಳ್ಳುತ್ತಾ ಒಳಗೆ ನಡೆದರು.