ಹಳಸಿದ್ದೋ, ಹಳತಾದದ್ದೋ

ಗಂಟುಮುಖ ಹಾಕಿಕೊಂಡು ನಡುವಿನ ಕುರ್ಚಿಯಲ್ಲಿ ಕುಳಿತಿರುವ ಮಾನ್ಯ ಅಧ್ಯಕ್ಷರೇ, ನನ್ನಲ್ಲಿ ಇಲ್ಲದ ಗುಣಗಳನ್ನೆಲ್ಲ ಹುಡುಕಿ ಹೊಗಳಿದ ಮುಖ್ಯ ಅತಿಥಿಗಳೇ, ನಮ್ಮ ವೈನ್ ವ್ಯಾಪಾರಿಗಳ ಸಂಘದ ಬಂಧುಗಳೇ, ಊಟದ ಕಡೆ ಒಂದು ಕಣ್ಣಿಟ್ಟಿರುವ ಸಭಿಕರೇ,

"ಅಧ್ಯಕ್ಷರೇ" ಎಂದೆನಲ್ಲ, ಹನ್ನೆರಡು ವರ್ಷಗಳಲ್ಲಿ ನಾನು ಇವರಿಗೆ ಆಡಿದ ಮೊದಲ ಮಾತು ಅದು. ಇವರು ನನ್ನ ಒಡಹುಟ್ಟಿದ ಅಣ್ಣ. ನನಗೆ ಸನ್ಮಾನ ಮಾಡುವುದಾದರೆ ಇವರೇ ಅಧ್ಯಕ್ಷರಾಗಬೇಕು ಎಂದು ಹಠ ಹಿಡಿದವನು ನಾನೇ. ಯಾಕೆ ಗೊತ್ತೇ? ಸಭೆಯಿಂದ ಯಾರು ಬೇಕಾದರೂ ನಡುವೆ ಎದ್ದುಹೋಗಬಹುದು, ಅಧ್ಯಕ್ಷರು ಹೋಗುವಂತಿಲ್ಲ!

ನಕ್ಕಿರಲ್ಲ, ಸಾಕು. ನಮ್ಮಿಬ್ಬರ ಮಧ್ಯೆ ಬಂದದ್ದು ಹೆಣ್ಣಲ್ಲ, ಮಣ್ಣಲ್ಲ, ಮದ್ಯ. ಮಧ್ಯಕ್ಕೂ ಮದ್ಯಕ್ಕೂ ಒಂದೇ ಒಂದು ಉಸಿರಿನ ವ್ಯತ್ಯಾಸ.

ನಮ್ಮ ಅಂಗಡಿಯ ನೆಲಮಾಳಿಗೆಯಲ್ಲಿ ಅಪ್ಪ ಜರ್ಮನಿಯ ಸಿಹಿ ಬಿಳಿ ವೈನಿನ ಎರಡು ಪೆಟ್ಟಿಗೆ ಇಟ್ಟಿದ್ದರು. ದ್ರಾಕ್ಷಿ ಬಳ್ಳಿಯಲ್ಲೇ ಸುಕ್ಕುಗಟ್ಟುವವರೆಗೆ ಕಾದು, ಆಮೇಲೆ ಕೊಯ್ದು ಮಾಡಿದ್ದು. "ಇದನ್ನ ಮಾರಬೇಡ್ರೋ. ಇಬ್ಬರೂ ಮುದುಕರಾದ ಮೇಲೆ ಜೊತೇಲಿ ಕೂತು ಕುಡೀರಿ" ಎನ್ನುತ್ತಿದ್ದರು.

ಅಪ್ಪ ಹೋಗಿ ಎಷ್ಟೋ ಕಾಲವಾದ ಮೇಲೆ, ಒಂದು ಬೆಳಿಗ್ಗೆ ಅಣ್ಣ ಒಂದು ಸೀಸೆಯ ಬಿರಡೆ ತೆಗೆದು, ಒಂದು ಗುಟುಕು ಕುಡಿದು ಬ್ಯಾಂಕಿಗೆ ಹೋದ. ಮಧ್ಯಾಹ್ನ ನಾನು ಅದೇ ಸೀಸೆಯಿಂದ ಕುಡಿದೆ. ಸಂಜೆ ಮಾತು ಬಂತು.

"ಹಳಸಿಹೋಗಿದೆ ಕಣೋ."

"ಹಳಸಿಲ್ಲ ಅಣ್ಣ, ಹಳತಾಗಿದೆ ಅಷ್ಟೆ."

"ನಿನ್ನ ನಾಲಿಗೆಗೆ ಮಾತು ಗೊತ್ತು, ರುಚಿ ಗೊತ್ತಿಲ್ಲ."

"ನಿನ್ನ ಮೂಗಿನ ತುದೀಲಿ ಕೋಪ ಕೂತಿದೆ, ವಾಸನೆಗೆ ಜಾಗ ಎಲ್ಲಿ?"

ಮರುದಿನ ನಾನು ಗೋದಾಮಿನಿಂದ ಬರುವಷ್ಟರಲ್ಲಿ ಅಣ್ಣ ಅಷ್ಟನ್ನೂ ಚರಂಡಿಗೆ ಸುರಿದಿದ್ದ. ಕೆಟ್ಟ ಮಾಲು ಗಿರಾಕಿಯ ಕೈ ಸೇರಬಾರದು ಎಂಬುದು ಅವನ ನೇಮ. ಚರಂಡಿಯಿಂದ ಜೇನಿನ ವಾಸನೆ ಬರುತ್ತಿತ್ತು. ಅಪ್ಪನನ್ನೇ ಸುರಿದ ಹಾಗಾಯಿತು ನನಗೆ. ಮೂಲೆಯಲ್ಲಿ ಅವನ ಕಣ್ಣಿಗೆ ಬೀಳದೆ ಉಳಿದಿದ್ದ ಎರಡು ಸೀಸೆ ಎತ್ತಿಕೊಂಡೆ. ಅಂಗಡಿಯ ನಡುವೆ ಪ್ಲೈವುಡ್ ಗೋಡೆ ಎದ್ದಿತು. ಅಮ್ಮ ತೀರಿಕೊಂಡಾಗ ತಲೆಯ ಕಡೆ ಅವನು ಹೆಗಲು ಕೊಟ್ಟ, ಕಾಲಿನ ಕಡೆ ನಾನು. ನಡುವೆ ಅಮ್ಮ.

ಕಳೆದ ತಿಂಗಳು ಒಂದು ಸೀಸೆ ತೆರೆದೆ. ಮೊದಲ ಗುಟುಕು ಸಪ್ಪೆ. ವರ್ಷಗಟ್ಟಲೆ ಮುಚ್ಚಿಟ್ಟ ಕಪಾಟಿನ ವಾಸನೆ. ಅಣ್ಣ ಹೇಳಿದ್ದೇ ನಿಜ ಎಂದುಕೊಂಡೆ. ಚೆಲ್ಲಲು ಮನಸ್ಸು ಬರಲಿಲ್ಲ. ಕುರ್ಚಿಯಲ್ಲೇ ನಿದ್ದೆ ಹೋದೆ. ಎದ್ದು ಬಾಯಿಗಿಟ್ಟರೆ ಅದೇ ಲೋಟದಲ್ಲಿ ಬೇರೆಯೇ ವೈನ್! ಜೇನು, ಕಿತ್ತಳೆ ಸಿಪ್ಪೆ, ಕೊನೆಗೆ ಬಾಯಿ ತೊಳೆದಂಥ ಹುಳಿ.

ಆಗ ಹೊಳೆಯಿತು. ಅವತ್ತು ಅವನು ಬೆಳಗಿನ ನಿಜ ಹೇಳಿದ್ದ, ನಾನು ಮಧ್ಯಾಹ್ನದ ನಿಜ ಹೇಳಿದ್ದೆ. ಅಷ್ಟು ಕಾಲ ಬಿರಡೆಯ ಕೆಳಗೆ ಉಸಿರು ಕಟ್ಟಿ ಕೂತಿದ್ದದ್ದನ್ನು ಹೊರಗೆ ಎಳೆದು, "ಈಗಲೇ ಮಾತಾಡು" ಎಂದರೆ ಹೇಗೆ ಮಾತಾಡೀತು?

ಕೊನೆಯ ಸೀಸೆ ಇದು. ಸಭೆ ಶುರುವಾಗುವ ಮೊದಲೇ ಎರಡು ಲೋಟಕ್ಕೆ ಸುರಿದಿಟ್ಟಿದ್ದೇನೆ. ನಮ್ಮ ಕಾರ್ಯದರ್ಶಿಗಳು ಜೇನಿನ ಶರಬತ್ತು ಎಂದುಕೊಂಡಿದ್ದರು, ಬಣ್ಣ ಹಾಗಿದೆ. ವಯಸ್ಸಾದರೆ ನಮ್ಮ ಕೂದಲು ಬಿಳಿಯಾಗುತ್ತದೆ, ಬಿಳಿ ವೈನು ಕಂದಾಗುತ್ತದೆ. ಅವರು ವಾರ್ಷಿಕ ವರದಿಯನ್ನು ಒಂದಕ್ಷರ ಬಿಡದೆ ಓದಿದರಲ್ಲ, ಅಷ್ಟು ಹೊತ್ತು ಇದಕ್ಕೆ ಗಾಳಿಯಾಡಿದೆ. ಸಂಘದ ವರದಿಯಿಂದ ಒಂದು ಉಪಕಾರವಾದದ್ದು ಇದೇ ಮೊದಲು.

ನಾನು ಕುಡಿದೆ. ಚೆನ್ನಾಗಿದೆ.

ಅಣ್ಣ, ನೀನೂ ಸರಿ, ನಾನೂ ಸರಿ. ಸರಿಯಾಗಿದ್ದುಕೊಂಡೇ ಹನ್ನೆರಡು ವರ್ಷ ಹಾಳು ಮಾಡಿದೆವು. ಅಪ್ಪ ಹೇಳಿದ ಮುದಿತನ ಬಂದಾಗಿದೆ. ಲೋಟ ನಿನ್ನ ಬಲಗೈ ಹತ್ತಿರ ಇದೆ. ಈಗಲೂ ಹಳಸಿದೆ ಅನ್ನಿಸಿದರೆ ಹಾಗೇ ಹೇಳು, ಎದುರಾಡುವುದಿಲ್ಲ.

ಸಭಿಕರೇ, ದಯವಿಟ್ಟು ಚಪ್ಪಾಳೆ ಬೇಡ. ಗುಟುಕನ್ನು ಬಾಯಲ್ಲೇ ಇಟ್ಟುಕೊಂಡಿದ್ದಾನೆ, ಇನ್ನೂ ನುಂಗಿಲ್ಲ.

ನುಂಗಿದ. ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ತೆಗೆದು ಕೆಳಗಿಡುತ್ತಿದ್ದಾನೆ.

ನನ್ನ ಭಾಷಣ ಇನ್ನೂ ಎರಡು ಹಾಳೆ ಇದೆ. ಅದನ್ನು ಓದುವುದಿಲ್ಲ, ನನಗೆ ಕೂರುವುದಿದೆ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮ್ಮೆಲ್ಲರಿಗೂ ವಂದನೆಗಳು. ನಮಸ್ಕಾರ.